ಮೊದಲ ಒಂದು ಇಂಚಿನ ಲೆಕ್ಕ: ಫಿಲಡೆಲ್ಫಿಯಾ ಮಳೆನೀರನ್ನು ನೆಲಕ್ಕೆ ಇಳಿಸುತ್ತಿರುವ ಬಗೆ

ಅಮೆರಿಕದ ಫಿಲಡೆಲ್ಫಿಯಾ ನಗರದ ಸುಮಾರು ಶೇ. 60 ಭಾಗದಲ್ಲಿ ಮನೆಯ ಕೊಳಚೆಗೂ ರಸ್ತೆಯ ಮಳೆನೀರಿಗೂ ಇರುವುದು ಒಂದೇ ಕೊಳವೆ. ಮಳೆಯಿಲ್ಲದ ದಿನ ಇದರಿಂದ ಯಾವ ತೊಂದರೆಯೂ ಇಲ್ಲ. ಬೀದಿಯ ಕೊಳವೆ ಇಳಿದು ಬಂದು ಒಂದು ಛೇಂಬರ್ ಸೇರುತ್ತದೆ. ಛೇಂಬರಿನ ತಳದಲ್ಲಿ ಸಣ್ಣ ಕಿಂಡಿ, ಅದರ ಮುಂದೆ ಗಿಡ್ಡ ಅಡ್ಡಗೋಡೆ. ಕೊಳಚೆ ಕಿಂಡಿಯೊಳಗೆ ಇಳಿದು, ನದಿಯಂಚಿನ ದೊಡ್ಡ ಕೊಳವೆಯಲ್ಲಿ ಸಾಗಿ, ನಗರದ ಮೂರು ಶುದ್ಧೀಕರಣ ಘಟಕಗಳಲ್ಲಿ ಒಂದನ್ನು ತಲುಪುತ್ತದೆ. ಮಳೆ ಬಂದಾಗ ಕೊಳವೆಯಲ್ಲಿ ಹರಿವು ಹತ್ತಾರು ಪಟ್ಟು ಏರುತ್ತದೆ, ಕಿಂಡಿ ಅದನ್ನೆಲ್ಲ ನುಂಗಲಾರದು. ನೀರು ಅಡ್ಡಗೋಡೆ ಹಾರಿ, ಕೊಳಚೆಯ ಸಮೇತ ನೇರವಾಗಿ ಹೊಳೆಗೆ ಬೀಳುತ್ತದೆ. ಡೆಲವೇರ್, ಸ್ಕೂಲ್‌ಕಿಲ್ ನದಿಗಳಿಗೂ ಅವುಗಳ ತೊರೆಗಳಿಗೂ ಹೀಗೆ ತೆರೆದುಕೊಂಡ ಬಾಯಿಗಳು 164.

ಅಡ್ಡಗೋಡೆ ಕೆಟ್ಟುಹೋಗಿ ಹೀಗಾಗುತ್ತಿಲ್ಲ. ಕೊಳಚೆ ಹಿಮ್ಮುಖವಾಗಿ ಮನೆಗಳ ನೆಲಮಾಳಿಗೆಗೆ ನುಗ್ಗದಿರಲಿ ಎಂದೇ ಅದನ್ನು ಹಾಗೆ ಕಟ್ಟಿದ್ದಾರೆ. ಆದ್ದರಿಂದ ಅಡ್ಡಗೋಡೆ ಎತ್ತರಿಸಿದರೆ ನದಿ ಉಳಿದೀತು, ಮನೆ ಮುಳುಗುತ್ತದೆ. ಉಳಿಯುವ ದಾರಿ ಎರಡೇ: ಹೆಚ್ಚುವರಿ ನೀರನ್ನು ಮಳೆ ನಿಲ್ಲುವವರೆಗೆ ಎಲ್ಲಾದರೂ ಹಿಡಿದಿಡಬೇಕು, ಇಲ್ಲವೇ ಮಳೆನೀರು ಕೊಳವೆಗೆ ಬರದಂತೆ ಮೇಲೇ ತಡೆಯಬೇಕು.

ಊರಿನ ಇತಿಹಾಸವೂ ಇದಕ್ಕೆ ಸೇರಿಕೊಂಡಿದೆ. 19ನೇ ಶತಮಾನದಲ್ಲೂ 20ನೆಯದರ ಆರಂಭದಲ್ಲೂ ಮಿಲ್ ಕ್ರೀಕ್, ವಿಂಗೊಹಾಕಿಂಗ್‌ನಂಥ ತೊರೆಗಳನ್ನೇ ಇಟ್ಟಿಗೆಯ ಕಮಾನಿನೊಳಗೆ ಹಾಕಿ ಚರಂಡಿ ಮಾಡಿದರು. ಕಣಿವೆಗಳನ್ನು ಬೂದಿ, ಕಲ್ಲಿದ್ದಲ ಕಿಟ್ಟ ತುಂಬಿ ಮಟ್ಟ ಮಾಡಿ ಮೇಲೆ ಸಾಲುಮನೆ ಕಟ್ಟಿದರು. 1961ರಲ್ಲಿ ಮಿಲ್ ಕ್ರೀಕ್ ಚರಂಡಿ ಕುಸಿದು ಮನೆಗಳನ್ನೂ ಜೀವಗಳನ್ನೂ ತೆಗೆದುಕೊಂಡಿತು. ಲೋಗನ್ ಬಡಾವಣೆಯಲ್ಲಿ ಬೂದಿ ತುಂಬಿದ ನೆಲ ಕುಗ್ಗುತ್ತ ಹೋಗಿ, 1986ರ ಗ್ಯಾಸ್ ಸ್ಫೋಟದ ನಂತರ ಅದು ಬಯಲಿಗೆ ಬಂದು, ಕೊನೆಗೆ 900ಕ್ಕೂ ಹೆಚ್ಚು ಮನೆಗಳನ್ನು ಖಾಲಿ ಮಾಡಿಸಿ ಕೆಡವಬೇಕಾಯಿತು. ಎಲ್ಲೆಂದರಲ್ಲಿ ಗುಂಡಿ ತೋಡಿ ನೀರು ಇಂಗಿಸುತ್ತೇವೆ ಎಂದು ಹೊರಡುವವರು ಈ ಎರಡು ಘಟನೆಗಳನ್ನು ಮೊದಲು ಓದಿಕೊಳ್ಳಬೇಕು. ಹಳೆಯ ತೊರೆಯ ಪಾತ್ರದ ಮೇಲಿನ ತುಂಬಿದ ಮಣ್ಣಿಗೆ ನೀರು ಬಿಟ್ಟರೆ ಆ ಮಣ್ಣು ಜಾರುತ್ತದೆ.

ಸುರಂಗದ ಬದಲು

1972ರ ಶುದ್ಧ ನೀರಿನ ಕಾಯಿದೆ, ಅದರ ಮೇಲೆ 1994ರಲ್ಲಿ ಒಕ್ಕೂಟ ಸರ್ಕಾರದ ಪರಿಸರ ಸಂಸ್ಥೆ ತಂದ ನೀತಿ, ಇವೆರಡೂ ಸೇರಿ ಇಂಥ ನಗರಗಳ ಮೇಲೆ ಒತ್ತಡ ಹಾಕಿದವು. ನೀತಿ ಕೊಟ್ಟ ದಾರಿಗಳಲ್ಲಿ ಒಂದು: ಮಳೆ ಬಂದಾಗ ಕೊಳವೆಗೆ ಸೇರುವ ಒಟ್ಟು ಹರಿವಿನಲ್ಲಿ ಶೇ. 85ರಷ್ಟನ್ನು ಹೊಳೆಗೆ ಬಿಡದೆ ಹಿಡಿಯುವುದು. ಬೇರೆ ಹಲವು ನಗರಗಳು ಬಂಡೆ ಕೊರೆದು ನೆಲದಾಳದಲ್ಲಿ ಬೃಹತ್ ಸುರಂಗ ಮಾಡಿ, ಅದರಲ್ಲಿ ನೀರು ತುಂಬಿಸಿ, ಮಳೆ ನಿಂತ ಮೇಲೆ ಪಂಪಿನಿಂದ ಎತ್ತಿ ಶುದ್ಧೀಕರಿಸುವ ದಾರಿ ಹಿಡಿದವು. ಫಿಲಡೆಲ್ಫಿಯಾದ ಜಲ ಇಲಾಖೆ ಲೆಕ್ಕ ಹಾಕಿದಾಗ ಸುರಂಗದ ಖರ್ಚು ಊರಿನ ನೀರಿನ ಬಿಲ್ಲು ಹೊರಲಾಗದಷ್ಟು ದೊಡ್ಡದಾಗಿತ್ತು. ಅದಲ್ಲದೆ ಸುರಂಗ ವರ್ಷದ ಬಹುಪಾಲು ದಿನ ಖಾಲಿ ಬಿದ್ದಿರುತ್ತದೆ, ನೆಲದ ಮೇಲಿನ ಬೀದಿಗೆ ಅದರಿಂದ ಒಂದು ಮರದ ನೆರಳೂ ಸಿಗುವುದಿಲ್ಲ.

ಇಲಾಖೆ 2009ರಲ್ಲಿ ‘ಗ್ರೀನ್ ಸಿಟಿ, ಕ್ಲೀನ್ ವಾಟರ್ಸ್’ ಎಂಬ ಯೋಜನೆ ಸಲ್ಲಿಸಿತು. ಇದಕ್ಕೆ ಹಿಂದಿದ್ದವರು ಇಲಾಖೆಯೊಳಗೆ 1999ರಲ್ಲಿ ಜಲಾನಯನ ವಿಭಾಗ ಕಟ್ಟಿದ ಹೊವರ್ಡ್ ನ್ಯೂಕ್ರಗ್. ಬೆಂಬಲಕ್ಕೆ ನಿಂತವರು ಆಗಿನ ಮೇಯರ್ ಮೈಕೇಲ್ ನಟರ್. 2011ರ ಜೂನ್ 1ರಂದು ಪೆನ್ಸಿಲ್ವೇನಿಯಾ ರಾಜ್ಯದ ಪರಿಸರ ಇಲಾಖೆಯೊಂದಿಗೆ ಕಾನೂನುಬದ್ಧ ಒಪ್ಪಂದವಾಯಿತು. ಅವಧಿ 25 ವರ್ಷ, ಅಂದಾಜು ವೆಚ್ಚ ಸುಮಾರು 240 ಕೋಟಿ ಡಾಲರ್. ಅದರ ದೊಡ್ಡ ಪಾಲು ಬೀದಿ, ಶಾಲೆ, ಉದ್ಯಾನ, ಪಾರ್ಕಿಂಗ್ ಜಾಗಗಳಲ್ಲಿ ನೀರು ಹಿಡಿಯುವ ಕೆಲಸಕ್ಕೆ. ಉಳಿದದ್ದು ಶುದ್ಧೀಕರಣ ಘಟಕಗಳ ವಿಸ್ತರಣೆ ಮೊದಲಾದವಕ್ಕೆ.

ಈ ಒಪ್ಪಂದದ ಜೀವಾಳ ಒಂದು ಅಳತೆ. ಅದರ ಹೆಸರು ‘ಹಸಿರು ಎಕರೆ’. ನೀರು ಇಂಗದ ಒಂದು ಎಕರೆ ನೆಲದ ಮೇಲೆ, ಅಂದರೆ ಡಾಂಬರು, ಕಾಂಕ್ರೀಟು, ಛಾವಣಿಯ ಮೇಲೆ ಬೀಳುವ ಮೊದಲ ಒಂದು ಇಂಚು ಮಳೆಯನ್ನು ಹಿಡಿಯುವ ವ್ಯವಸ್ಥೆ ಮಾಡಿದರೆ ಅದು ಒಂದು ಹಸಿರು ಎಕರೆ. ನೀರಿನ ಲೆಕ್ಕದಲ್ಲಿ 27,154 ಗ್ಯಾಲನ್, ಸುಮಾರು 1.03 ಲಕ್ಷ ಲೀಟರ್. 25 ವರ್ಷಕ್ಕೆ ಇಂಥ 9,564 ಎಕರೆ ಆಗಬೇಕು. ಇದು ಒಂದೇ ಕೊಳವೆಯಿರುವ ಪ್ರದೇಶದ ಗಟ್ಟಿ ನೆಲದ ಸುಮಾರು ಮೂರನೇ ಒಂದು ಭಾಗ. ಎಲ್ಲ ಮುಗಿದಾಗ ವರ್ಷಕ್ಕೆ 796 ಕೋಟಿ ಗ್ಯಾಲನ್, ಅಂದರೆ 3,000 ಕೋಟಿ ಲೀಟರಿಗೂ ಮೀರಿ, ಹೊಳೆಗೆ ಬೀಳುವ ಮಿಶ್ರ ಕೊಳಚೆ ಕಡಿಮೆಯಾಗಬೇಕು.

ಒಂದು ಇಂಚೇ ಯಾಕೆ? ಫಿಲಡೆಲ್ಫಿಯಾದಲ್ಲಿ ವರ್ಷಕ್ಕೆ 40 ಇಂಚಿಗೆ ಮೇಲ್ಪಟ್ಟು ಮಳೆ, ಹನ್ನೆರಡೂ ತಿಂಗಳಲ್ಲಿ ಹರಡಿಕೊಂಡು ಬರುತ್ತದೆ. ಬಹುಪಾಲು ಮಳೆಗಳು ಒಂದು ಇಂಚಿನೊಳಗೇ ಮುಗಿಯುತ್ತವೆ. ದೊಡ್ಡ ಮಳೆಯಲ್ಲೂ ರಸ್ತೆಯ ಎಣ್ಣೆ, ಟೈರಿನ ಪುಡಿ, ನಾಯಿಯ ಮಲ ತೊಳೆದುಕೊಂಡು ಬರುವುದು ಮೊದಲ ಇಂಚೇ. ಮೊದಲ ಇಂಚನ್ನು ತಡೆದರೆ ಸಣ್ಣ ಮಳೆಗಳಲ್ಲಿ ಹೊಳೆಗೆ ಏನೂ ಬೀಳುವುದಿಲ್ಲ, ದೊಡ್ಡ ಮಳೆಗಳಲ್ಲಿ ಬೀಳುವುದು ಕಡಿಮೆಯಾಗುತ್ತದೆ. ಈ ಯೋಜನೆ ನೆರೆ ತಡೆಯುವುದಕ್ಕೆ ಹುಟ್ಟಿದ್ದಲ್ಲ, ಹೊಳೆ ಹೊಲಸಾಗುವುದನ್ನು ತಡೆಯುವುದಕ್ಕೆ ಹುಟ್ಟಿದ್ದು. ಇದನ್ನು ಮರೆತು ಇದರ ಸೋಲು ಗೆಲುವು ಅಳೆಯುವ ಬರಹಗಳು ಬಹಳ ಬಂದಿವೆ.

ಒಂದು ಬೀದಿ, ಒಂದು ಕಂದಕ

ಮಳೆತೋಟ (ನೀರು ನಿಂತು ಇಂಗಲೆಂದು ತಗ್ಗಿನಲ್ಲಿ ಬೆಳೆಸಿದ ತೋಟ), ಹಸಿರು ಛಾವಣಿ, ನೀರು ಇಳಿಯುವ ಡಾಂಬರು ಎಲ್ಲವನ್ನೂ ಈ ನಗರ ಮಾಡಿದೆ. ಆದರೆ ಇಕ್ಕಟ್ಟಿನ ಬೀದಿಗಳಲ್ಲಿ ಹೆಚ್ಚು ಕೆಲಸ ಮಾಡಿರುವುದು ಫುಟ್‌ಪಾತಿನ ಅಡಿ ಜಲ್ಲಿ ತುಂಬಿ, ನಡುವೆ ಮರ ನೆಟ್ಟ ಕಂದಕ. ಮೇಲಿನಿಂದ ನೋಡಿದರೆ ಸಾಲುಮರ, ಅಷ್ಟೇ. ಅದರ ಒಳಗಿನ ಲೆಕ್ಕವನ್ನು ಒಮ್ಮೆ ಪೂರ್ತಿ ಹಾಕಿ ನೋಡುವುದು ಒಳ್ಳೆಯದು, ಏಕೆಂದರೆ ಈ ಇಡೀ ಯೋಜನೆ ಇಂಥ ಸಾವಿರಾರು ಲೆಕ್ಕಗಳ ಮೊತ್ತ.

ಒಂದು ಬೀದಿಯ ತುಣುಕಿನಿಂದ 10,000 ಚದರಡಿ ರಸ್ತೆ ಮತ್ತು ಫುಟ್‌ಪಾತಿನ ನೀರು ಒಂದು ಮೂಲೆಗೆ ಹರಿದು ಬರುತ್ತದೆ ಎಂದುಕೊಳ್ಳಿ. ಒಂದು ಇಂಚು ಮಳೆಗೆ 833 ಘನ ಅಡಿ ನೀರು, ಸುಮಾರು 23,600 ಲೀಟರ್. ಇದನ್ನು ಜಲ್ಲಿಯ ಸಂದುಗಳಲ್ಲಿ ತುಂಬಿಸಬೇಕು. ಒಂದೇ ಗಾತ್ರದ, ತೊಳೆದ ಜಲ್ಲಿಯಲ್ಲಿ ಶೇ. 40ರಷ್ಟು ಖಾಲಿ ಜಾಗವಿರುತ್ತದೆ. ಹಾಗಾಗಿ ಬೇಕಾದ ಜಲ್ಲಿ 2,083 ಘನ ಅಡಿ, ತೂಕದಲ್ಲಿ 90 ಟನ್ನಿನ ಹತ್ತಿರ. ಕಂದಕ 6 ಅಡಿ ಅಗಲ, ಜಲ್ಲಿಯ ದಪ್ಪ 3 ಅಡಿ ಇಟ್ಟರೆ ಉದ್ದ 116 ಅಡಿ. ತುಂಬಿದಾಗ ಒಳಗಿರುವ ನೀರನ್ನು ಜಲ್ಲಿಯಿಲ್ಲದೆ ಕಲ್ಪಿಸಿಕೊಂಡರೆ 14.4 ಇಂಚು ಆಳ. ಈ 14.4 ಇಂಚು ತಳದ ಮಣ್ಣಿಗೆ ಇಂಗಿ ಮುಗಿಯಬೇಕು, ಅದೂ 72 ಗಂಟೆಯೊಳಗೆ. ಮುಂದಿನ ಮಳೆಗೆ ಜಾಗ ಖಾಲಿಯಿರಬೇಕು, ಸೊಳ್ಳೆಗೆ ಮೊಟ್ಟೆಯಿಂದ ಹೊರಬಂದು ಬೆಳೆಯುವಷ್ಟು ಸಮಯವೂ ಸಿಗಬಾರದು.

ಮಣ್ಣು ಗಂಟೆಗೆ ಅರ್ಧ ಇಂಚು ಕುಡಿಯುವಂಥದ್ದಾದರೆ 29 ಗಂಟೆಯಲ್ಲಿ ಕಂದಕ ಖಾಲಿ. ಕಾಲು ಇಂಚಾದರೆ 58 ಗಂಟೆ. ಗಂಟೆಗೆ 0.2 ಇಂಚಿಗೆ ಇಳಿದರೆ ಸರಿಯಾಗಿ 72 ಗಂಟೆ, ಅದೇ ಕೊನೆಯ ಗಡಿ. ಪರೀಕ್ಷೆಯಲ್ಲಿ ಸಿಕ್ಕ ದರವನ್ನು ವಿನ್ಯಾಸಕ್ಕೆ ಅರ್ಧ ಮಾಡಿಯೇ ಬಳಸಬೇಕು, ಏಕೆಂದರೆ ವರ್ಷಗಳು ಕಳೆದಂತೆ ತಳಕ್ಕೆ ಹೂಳು ಕೂರುತ್ತದೆ. ಆ ಪ್ರಕಾರ ಪರೀಕ್ಷೆಯಲ್ಲಿ ಗಂಟೆಗೆ 0.4 ಇಂಚಿಗಿಂತ ಕಡಿಮೆ ಬಂದ ಜಾಗದಲ್ಲಿ ಇಂಗಿಸುವ ಆಸೆ ಬಿಡಬೇಕು.

ಪರೀಕ್ಷೆ ಮಾಡುವ ಕ್ರಮದಲ್ಲೇ ಅರ್ಧ ತಪ್ಪುಗಳು ನುಸುಳುತ್ತವೆ. ನೆಲದ ಮೇಲ್ಮೈಯಲ್ಲಿ ಉಂಗುರ ಇಟ್ಟು ನೀರು ಹೊಯ್ದು ಅಳೆದರೆ ಪ್ರಯೋಜನವಿಲ್ಲ. ಕಂದಕದ ತಳ ಎಲ್ಲಿ ಬರುತ್ತದೋ ಆ ಆಳಕ್ಕೇ ಗುಂಡಿ ತೋಡಿ, ಮೊದಲು ನೀರು ಹಾಯಿಸಿ ಮಣ್ಣು ಚೆನ್ನಾಗಿ ನೆನೆಯಲು ಬಿಟ್ಟು, ಆಮೇಲೆ ನೀರಿನ ಮಟ್ಟ ಇಳಿಯುವುದನ್ನು ಅಳತೆಪಟ್ಟಿಯಲ್ಲಿ ಗುರುತಿಸುತ್ತ ಹೋಗಬೇಕು. ಇಳಿತದ ದರ ಒಂದೇ ಸಮ ಆಗುವವರೆಗೆ ಮತ್ತೆ ಮತ್ತೆ. ಒಣ ಮಣ್ಣು ಮೊದಲ ಗಂಟೆಯಲ್ಲಿ ಬೇಕಾದಷ್ಟು ಕುಡಿಯುತ್ತದೆ. ಆ ಸಂಖ್ಯೆ ನಂಬಿದವರ ಕಂದಕ ಮೊದಲ ಮಳೆಗಾಲದಲ್ಲೇ ಕೆರೆಯಾಗುತ್ತದೆ. ಅಂತರ್ಜಲ ಅಥವಾ ಬಂಡೆ ಕಂದಕದ ತಳದಿಂದ 2 ಅಡಿಯಾದರೂ ಕೆಳಗಿರಬೇಕು. ಮನೆಯ ಪಾಯಕ್ಕೂ ಕಂದಕಕ್ಕೂ 10 ಅಡಿ ಅಂತರ ಬೇಕು. ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳು, ಪ್ರತಿಯೊಂದಕ್ಕೂ ನೆಲಮಾಳಿಗೆ: ಅಂಥ ಊರಿನಲ್ಲಿ ಈ 10 ಅಡಿಯೇ ಎಷ್ಟೋ ಬೀದಿಗಳನ್ನು ಪಟ್ಟಿಯಿಂದ ಹೊರಗಿಡುತ್ತದೆ.

ಇಂಗದ ಜಾಗದಲ್ಲಿ ಏನು ಮಾಡುವುದು? ಅದೇ ಜಲ್ಲಿಯ ಹಾಸಿನಲ್ಲಿ ನೀರು ಹಿಡಿದು ನಿಧಾನವಾಗಿ ಹಳೆಯ ಚರಂಡಿಗೇ ಬಿಡಬಹುದು. ಕಿಂಡಿಯ ಮುಂದಿನ ಅಡ್ಡಗೋಡೆ ಹಾರದಷ್ಟು ನಿಧಾನವಾಗಿ ಹೋದರೆ ಆ ನೀರು ಶುದ್ಧೀಕರಣ ಘಟಕ ಸೇರುತ್ತದೆ, ಹೊಳೆ ಸೇರುವುದಿಲ್ಲ. ಎಕರೆಗೆ ಸೆಕೆಂಡಿಗೆ 0.05 ಘನ ಅಡಿ ಎಂಬ ಮಿತಿ ಹಿಡಿದರೆ ನಮ್ಮ 10,000 ಚದರಡಿಗೆ ಸೆಕೆಂಡಿಗೆ ಮೂರನೇ ಒಂದು ಲೀಟರ್. ಹೊರಬಿಡುವ ತೂತಿನ ವ್ಯಾಸ ಹೆಚ್ಚುಕಡಿಮೆ ಅರ್ಧ ಇಂಚು! ಒಂದು ಎಲೆಯ ತೊಟ್ಟು ಸಾಕು ಅದನ್ನು ಮುಚ್ಚಲು. ಹಾಗಾಗಿ ತೂತನ್ನು ತೆರೆದ ಛೇಂಬರಿಗೆ ಇಡಬಾರದು. ಜಲ್ಲಿಯೊಳಗೆ ಮಲಗಿದ ರಂಧ್ರಕೊಳವೆಯ ಕೊನೆಗೆ ಮುಚ್ಚಳ ಹಾಕಿ, ಆ ಮುಚ್ಚಳದಲ್ಲಿ ತೂತು ಕೊರೆಯಬೇಕು. ಆಗ ಇಡೀ ಜಲ್ಲಿಯೇ ಜರಡಿಯಾಗುತ್ತದೆ. ಮುಚ್ಚಳ ತಿರುಗಿಸಿ ಬಿಚ್ಚುವಂತಿರಬೇಕು, ಅದಕ್ಕೆ ಕೈ ಎಟುಕಬೇಕು.

ಕಟ್ಟುವ ಕ್ರಮ ಹೀಗೆ. ರಸ್ತೆಯಂಚಿನ ಒಳಹರಿವಿನ ಬಾಯಿ. ಅದರ ಕೆಳಗೆ ಹೂಳು ಕೂರಲು ಒಂದು, ಒಂದೂವರೆ ಅಡಿ ಆಳದ ತಗ್ಗು ಇರುವ ಛೇಂಬರ್. ಎಣ್ಣೆ, ಪ್ಲಾಸ್ಟಿಕ್ ತೇಲಿಕೊಂಡು ಮುಂದೆ ಹೋಗದಂತೆ ಕೊಳವೆಯ ಬಾಯಿಗೆ ಕೆಳಮುಖದ ಮುಸುಕು. ಅಲ್ಲಿಂದ ರಂಧ್ರಕೊಳವೆ ಕಂದಕದ ಉದ್ದಕ್ಕೂ ನೀರು ಹಂಚುತ್ತದೆ. ಕಂದಕದ ಪಕ್ಕಗಳಿಗೂ ಮೇಲಕ್ಕೂ ಜಿಯೋಟೆಕ್ಸ್‌ಟೈಲ್ ಬಟ್ಟೆ, ಸುತ್ತಲ ಮಣ್ಣು ಜಲ್ಲಿಗೆ ಇಳಿಯದಿರಲಿ ಎಂದು. ತಳಕ್ಕೆ ಹಾಸಬಾರದು, ನುಣ್ಣನೆ ಹೂಳು ಬಟ್ಟೆಯ ಮೇಲೆ ಪದರಗಟ್ಟಿ ಮೊದಲು ಮುಚ್ಚಿಹೋಗುವುದು ಅದೇ. ಮರಗಳನ್ನು ಜಲ್ಲಿಯಲ್ಲಿ ನೆಡುವುದಿಲ್ಲ, ಜಲ್ಲಿಯ ನಡುನಡುವೆ ಮಣ್ಣಿನ ಗುಂಡಿಗಳಲ್ಲಿ ನೆಡುತ್ತಾರೆ. ಕೊನೆಗೆ ಎರಡು ಸಣ್ಣ ಭಾಗಗಳು, ಅವಿಲ್ಲದಿದ್ದರೆ ಉಳಿದದ್ದೆಲ್ಲ ಕುರುಡು: ನೀರಿನ ಮಟ್ಟ ನೋಡಲು ತಳದವರೆಗೆ ನಿಲ್ಲಿಸಿದ ಮುಚ್ಚಳವಿರುವ ಕೊಳವೆ, ಕಂದಕ ತುಂಬಿದಾಗ ನೀರು ಹಳೆಯ ಚರಂಡಿಗೆ ವಾಪಸಾಗುವ ದಾರಿ.

ಎಲ್ಲಿ ಕೆಡುತ್ತದೆ

ಒಳಹರಿವಿನ ಬಾಯಿ ಕೆಟ್ಟರೆ ಒಳಗೆ ಎಷ್ಟು ಚೆನ್ನಾಗಿ ಕಟ್ಟಿದ್ದರೂ ವ್ಯರ್ಥ. ಇಳಿಜಾರು ರಸ್ತೆಯಲ್ಲಿ ಅಂಚಿನ ನೀರು ವೇಗ ಹಿಡಿದು ಬಾಯಿಯ ಮುಂದೆಯೇ ಹಾದು ಮುಂದಿನ ಹಳೆಯ ಚರಂಡಿ ಸೇರುತ್ತದೆ. ಕಂದಕ ಒಣಗಿಯೇ ಇರುತ್ತದೆ, ನೋಡಿದವರು ಚೆನ್ನಾಗಿ ಇಂಗುತ್ತಿದೆ ಎಂದುಕೊಳ್ಳುತ್ತಾರೆ. ಇದಕ್ಕೆ ಬಾಯಿಯ ಮುಂದೆ ರಸ್ತೆಯನ್ನು ಒಂದೆರಡು ಇಂಚು ತಗ್ಗಿಸಿ ನೀರು ತಿರುಗುವಂತೆ ಮಾಡಬೇಕು, ಬಾಯಿಯನ್ನೂ ಉದ್ದ ಮಾಡಬೇಕು. ರಸ್ತೆಗೆ ಹೊಸ ಡಾಂಬರು ಪದರ ಬಿದ್ದಾಗ ಈ ತಗ್ಗು ಮುಚ್ಚಿಹೋಗುವುದು ಮಾಮೂಲು. ಡಾಂಬರು ಹಾಕುವವರು ಬೇರೆ ಇಲಾಖೆ, ಕಂದಕ ನೋಡಿಕೊಳ್ಳುವವರು ಬೇರೆ ಇಲಾಖೆ ಆಗಿರುವಲ್ಲಿ ಇದನ್ನು ತಪ್ಪಿಸಲು ನಕ್ಷೆಯಲ್ಲಿ ಗುರುತು ಇರಬೇಕು, ಕೆಲಸದ ಆದೇಶದಲ್ಲಿ ಒಂದು ಸಾಲು ಇರಬೇಕು.

ಎರಡನೆಯದು ಕಟ್ಟುವಾಗಿನ ಹಾನಿ. ಅಗೆಯುವ ಯಂತ್ರ ಕಂದಕದೊಳಗೆ ಇಳಿದು ತಳದ ಮೇಲೆ ಓಡಾಡಿದರೆ ಮಣ್ಣು ಅದುಮಿ ಹೋಗಿ ಇಂಗುವ ದರ ಬಿದ್ದುಹೋಗುತ್ತದೆ. ಯಂತ್ರ ಪಕ್ಕದಲ್ಲಿ ನಿಂತೇ ಅಗೆಯಬೇಕು, ಕೊನೆಯ ಪದರವನ್ನು ಬಕೆಟ್ಟಿನ ಹಲ್ಲಿನಿಂದ ಕೆರೆದು ಸಡಿಲ ಮಾಡಬೇಕು. ಜಲ್ಲಿ ತೊಳೆದದ್ದೇ ಎಂದು ಚೀಟಿ ನೋಡಿ ನಂಬುವಂತಿಲ್ಲ. ಲಾರಿಯಿಂದ ಒಂದು ಬಕೆಟ್ ಜಲ್ಲಿ ತೆಗೆದು ನೀರು ಹೊಯ್ದು ಕಲಕಿ. ನೀರು ಬೂದುಬಣ್ಣಕ್ಕೆ ತಿರುಗಿ ರಾಡಿಯಾದರೆ ಲಾರಿ ವಾಪಸ್ ಕಳಿಸಿ. ಆ ಪುಡಿ ಮೊದಲ ಮಳೆಗೆ ತಳಕ್ಕೆ ಇಳಿದು ಸಿಮೆಂಟಿನಂತೆ ಕೂರುತ್ತದೆ. ಇನ್ನೊಂದು ಮುಖ್ಯ ಸಂಗತಿ, ಮೇಲ್ಭಾಗದ ನಿವೇಶನದಲ್ಲಿ ಮಣ್ಣು ಕೆಲಸ ನಡೆಯುತ್ತಿರುವಾಗ ಕಂದಕದ ಬಾಯಿ ತೆರೆಯಲೇಬಾರದು. ಹುಲ್ಲು ಹಿಡಿದು ಮಣ್ಣು ನಿಂತ ಮೇಲಷ್ಟೇ ಬಾಯಿಗೆ ಅಡ್ಡ ಇಟ್ಟ ಮರಳಚೀಲ ತೆಗೆಯಬೇಕು.

ಕೆಡವಿದ ಮನೆಗಳ ಖಾಲಿ ನಿವೇಶನ ಈ ಊರಿನಲ್ಲಿ ಹೇರಳ, ನೋಡಿದರೆ ಮಳೆತೋಟಕ್ಕೆ ಹೇಳಿ ಮಾಡಿಸಿದ ಜಾಗ ಅನ್ನಿಸುತ್ತದೆ. ಆದರೆ ಎಷ್ಟೋ ಕಡೆ ಹಳೆಯ ನೆಲಮಾಳಿಗೆಯನ್ನೇ ಇಟ್ಟಿಗೆ ಚೂರಿನಿಂದ ತುಂಬಿ ಮೇಲೆ ಮಣ್ಣು ಎಳೆದಿರುತ್ತಾರೆ. ಅಲ್ಲಿ ನೀರು ಬಿಟ್ಟರೆ ಸಂದುಗಳ ಮೂಲಕ ಓಡಿ ಪಕ್ಕದ ಮನೆಯ ಗೋಡೆ ಸೇರುತ್ತದೆ. ಇಂಗುವ ದರ ಗಂಟೆಗೆ 10 ಇಂಚಿಗಿಂತ ಹೆಚ್ಚು ಬಂದರೆ ಸಂಭ್ರಮಿಸಬಾರದು, ಅನುಮಾನಿಸಬೇಕು. ಅಷ್ಟು ವೇಗದಲ್ಲಿ ಇಳಿಯುವ ನೀರು ಮಣ್ಣಿನಲ್ಲಿ ಸೋಸಿಕೊಳ್ಳುವುದೂ ಇಲ್ಲ.

ನೀರು ಇಳಿಯುವ ಡಾಂಬರಿಗೆ ಬೇರೆಯದೇ ರೋಗ. ಸಂದುಗಳಲ್ಲಿ ದೂಳು ತುಂಬುತ್ತದೆ, ಹೀರುವ ಯಂತ್ರದಿಂದ ಆಗಾಗ ತೆಗೆಯಬೇಕು. ಚಳಿಗಾಲದಲ್ಲಿ ಹಿಮದ ಮೇಲೆ ಮರಳು ಎರಚಿದರೆ ಒಂದೇ ಋತುವಿಗೆ ಮುಚ್ಚಿಹೋಗುತ್ತದೆ. ಗ್ಯಾಸಿನವರು ಅಗೆದು ಮಾಮೂಲಿ ಡಾಂಬರಿನ ತೇಪೆ ಹಾಕಿ ಹೋಗುತ್ತಾರೆ. ಉಪ್ಪು ಮರಗಳನ್ನೂ ಕಾಡುತ್ತದೆ. ಹಿಮ ಕರಗಿಸಲು ಹಾಕಿದ ಉಪ್ಪುನೀರು ನೇರ ಬೇರಿಗೆ ಬರುವುದರಿಂದ ಉಪ್ಪು ತಾಳುವ ಜಾತಿಗಳನ್ನೇ ಆರಿಸಬೇಕು. ಮಳೆನೀರಿನ ಮೇಲೆ ಬದುಕಲಿ ಎಂದು ನೆಟ್ಟ ಗಿಡಗಳಿಗೂ ಮೊದಲ ಎರಡು ಬೇಸಿಗೆ ಟ್ಯಾಂಕರಿನಲ್ಲಿ ನೀರುಣಿಸಬೇಕು, ಇಲ್ಲದಿದ್ದರೆ ಸಾಯುತ್ತವೆ.

ನಿರ್ವಹಣೆಯನ್ನು ಬಜೆಟ್ಟಿನ ಕೊನೆಯ ಸಾಲಾಗಿ ನೋಡುವ ಅಭ್ಯಾಸ ಎಲ್ಲ ಊರಲ್ಲೂ ಇದೆ. ಫಿಲಡೆಲ್ಫಿಯಾ ಇದನ್ನು ಎರಡು ಭಾಗ ಮಾಡಿಕೊಂಡದ್ದು ಜಾಣತನ. ಮೇಲಿನ ಕೆಲಸ, ಅಂದರೆ ಕಸ ಹೆಕ್ಕುವುದು, ಕಳೆ ಕೀಳುವುದು, ಬಾಯಿ ತೆರವು ಮಾಡುವುದು, ಪದೇ ಪದೇ ಆಗಬೇಕು, ಕೈಯಲ್ಲೇ ಆಗಬೇಕು. ಒಳಗಿನ ಕೆಲಸಕ್ಕೆ ಹೂಳು ಹೀರುವ ಲಾರಿ, ಕೊಳವೆಯೊಳಗೆ ಹೋಗುವ ಕ್ಯಾಮೆರಾ ಬೇಕು, ಅಷ್ಟು ಆಗಾಗ ಬೇಡ. ಮೊದಲನೆಯದರಲ್ಲಿ ಊರಿನ ಯುವಜನರಿಗೆ ಕೆಲಸವೂ ಸಿಕ್ಕಿತು. 2013ರಲ್ಲಿ ಶುರುವಾದ ‘ಪವರ್‌ಕೋರ್‌ ಪಿಎಚ್‌ಎಲ್’ ಎಂಬ ತರಬೇತಿ ಕಾರ್ಯಕ್ರಮ ಈ ಕೆಲಸದಲ್ಲಿ ತೊಡಗಿಕೊಂಡಿದೆ. ಖಾಸಗಿ ಜಾಗದ ವ್ಯವಸ್ಥೆಗಳಿಗೆ ನಿರ್ವಹಣೆಯ ಕರಾರು ಆಸ್ತಿಯ ದಾಖಲೆಗೇ ಅಂಟಿಕೊಳ್ಳುತ್ತದೆ. ಮಾಲೀಕರು ಬದಲಾದರೂ ಹೊಣೆ ಹೋಗುವುದಿಲ್ಲ.

ಬಿಲ್ಲು ಬದಲಾದ ಮೇಲೆ

ಯೋಜನೆಗೆ ದುಡ್ಡು ಎಲ್ಲಿಂದ ಎಂಬ ಪ್ರಶ್ನೆಗೆ ಈ ನಗರ ಕೊಟ್ಟ ಉತ್ತರ ನಮ್ಮ ದೃಷ್ಟಿಯಲ್ಲಿ ಕಂದಕದಷ್ಟೇ ಮುಖ್ಯ. ಮೊದಲು ಮಳೆನೀರಿನ ಶುಲ್ಕವನ್ನು ನೀರಿನ ಮೀಟರಿನ ಗಾತ್ರ ನೋಡಿ ಹಾಕುತ್ತಿದ್ದರು. ಹತ್ತಾರು ಮಹಡಿಯ ಕಟ್ಟಡ ಸಣ್ಣ ಜಾಗದಲ್ಲಿ ನಿಂತಿದ್ದರೂ ದೊಡ್ಡ ಮೀಟರ್, ದೊಡ್ಡ ಬಿಲ್ಲು. ಎಕರೆಗಟ್ಟಲೆ ಡಾಂಬರು ಹಾಸಿದ ಪಾರ್ಕಿಂಗ್ ಜಾಗಕ್ಕೆ ನಲ್ಲಿಯೇ ಇಲ್ಲ, ಹಾಗಾಗಿ ಬಿಲ್ಲೂ ಇಲ್ಲ! ಚರಂಡಿಗೆ ಅತಿ ಹೆಚ್ಚು ನೀರು ತಳ್ಳುವವರು ಏನೂ ಕೊಡುತ್ತಿರಲಿಲ್ಲ.

2010ರ ಜುಲೈಯಿಂದ ವಾಣಿಜ್ಯ ಮೊದಲಾದ ಆಸ್ತಿಗಳಿಗೆ ಲೆಕ್ಕ ಬದಲಾಯಿತು. ವಿಮಾನದಿಂದ ತೆಗೆದ ಚಿತ್ರಗಳಿಂದ ಪ್ರತಿ ನಿವೇಶನದ ಒಟ್ಟು ವಿಸ್ತೀರ್ಣ, ಅದರಲ್ಲಿ ಗಟ್ಟಿ ನೆಲ ಎಷ್ಟು ಎಂದು ಅಳೆದು, 500 ಚದರಡಿಯ ಘಟಕಗಳಲ್ಲಿ ಶುಲ್ಕ ಹಾಕಿದರು. ಏಕಾಏಕಿ ಹೊರೆ ಬೀಳದಂತೆ ನಾಲ್ಕು ವರ್ಷಗಳಲ್ಲಿ ಹಂತ ಹಂತವಾಗಿ ಜಾರಿಗೆ ತಂದರು. ಸಾಮಾನ್ಯ ಮನೆಗಳಿಗೆ ಮಾತ್ರ ಎಲ್ಲರಿಗೂ ಒಂದೇ ಮೊತ್ತ. ಪ್ರತಿ ಮನೆಯ ಅಂಗಳ ಅಳೆಯುವ ಖರ್ಚಿಗೆ ಅರ್ಥವಿರಲಿಲ್ಲ. ಮೊದಲ ಇಂಚನ್ನು ತಮ್ಮ ಜಾಗದಲ್ಲೇ ಹಿಡಿದವರಿಗೆ ಬಿಲ್ಲಿನಲ್ಲಿ ದೊಡ್ಡ ರಿಯಾಯಿತಿ. ಗೋದಾಮು, ಮಾಲುಗಳ ಮಾಲೀಕರಿಗೆ ಬಿಲ್ಲು ಏರಿದಾಗ ವಿರೋಧ ಬಂತು. ಅವರಿಗೆ ತಮ್ಮ ಜಾಗದಲ್ಲಿ ಕಾಮಗಾರಿ ಮಾಡಲು ಸಹಾಯಧನ ಕೊಡುವ ದಾರಿ ತೆರೆದರು. ಸಾರ್ವಜನಿಕ ಬೀದಿಯನ್ನು ಅಗೆಯುವುದಕ್ಕಿಂತ ಖಾಸಗಿ ದೊಡ್ಡ ಪಾರ್ಕಿಂಗ್ ಜಾಗದಲ್ಲಿ ಒಂದು ಹಸಿರು ಎಕರೆ ಮಾಡುವುದು ಅಗ್ಗ: ನೆಲದಡಿ ಗ್ಯಾಸ್, ನೀರು, ಟೆಲಿಫೋನ್ ಕೊಳವೆಗಳ ಜಾಲ ಇಲ್ಲ, ಸಂಚಾರ ತಡೆಯಬೇಕಿಲ್ಲ.

ಇದಕ್ಕೂ ಮುಂಚೆ, 2006ರಿಂದ, 15,000 ಚದರಡಿ ಅಥವಾ ಹೆಚ್ಚು ನೆಲ ಕೆದಕುವ ಕಟ್ಟಡ ಕಾಮಗಾರಿಗಳು ಮೊದಲ ಒಂದು ಇಂಚನ್ನು ಹಿಡಿಯಲೇಬೇಕೆಂಬ ನಿಯಮವಿತ್ತು. 2015ರ ಜುಲೈಯಲ್ಲಿ ಅದನ್ನು ಒಂದೂವರೆ ಇಂಚಿಗೆ ಏರಿಸಿದರು. ಮೇಲಿನ ನಮ್ಮ ಲೆಕ್ಕದಲ್ಲಿ ಕಂದಕದ ಉದ್ದ 116ರಿಂದ 174 ಅಡಿಗೆ ಹೋದಂತೆ. ಊರಿನ ಕೇಂದ್ರದಲ್ಲಿ ಕಟ್ಟಡಗಳು ಏಳುತ್ತ ಹೋದ ಹಾಗೆ ಹಸಿರು ಎಕರೆಗಳ ಗಣನೀಯ ಪಾಲು ಸರ್ಕಾರದ ಖರ್ಚಿಲ್ಲದೆ ಬಂತು. ಇದರಲ್ಲೊಂದು ಕೊರತೆಯೂ ಇದೆ, ಅದನ್ನು ಮುಚ್ಚಿಡಬಾರದು. ಕಟ್ಟಡದವರು ಹಲವು ಕಡೆ ನೆಲದಡಿ ಟ್ಯಾಂಕು ಇಟ್ಟು ನಿಯಮ ಪೂರೈಸುತ್ತಾರೆ. ಲೆಕ್ಕಕ್ಕೆ ಅದೂ ಹಸಿರು ಎಕರೆಯೇ, ಬೀದಿಗೆ ಒಂದು ಎಲೆಯೂ ಬರುವುದಿಲ್ಲ. ಕಟ್ಟಡ ಏಳುವುದು ಬೇಡಿಕೆಯಿರುವ ಬಡಾವಣೆಗಳಲ್ಲಿ. ಬಿಸಿಲಿಗೆ ಬೇಯುವ ಬಡ ಬಡಾವಣೆಗಳಿಗೆ ನೆರಳು ತಲುಪಬೇಕಾದರೆ ಇಲಾಖೆಯೇ ಅಲ್ಲಿ ಅಗೆಯಬೇಕು.

ಏನಾಯಿತು, ಏನಾಗಲಿಲ್ಲ

ಐದನೇ ವರ್ಷದ ಗುರಿ 744 ಹಸಿರು ಎಕರೆ. 2016ರಲ್ಲಿ 830ಕ್ಕೂ ಮೀರಿ ಆಗಿತ್ತು. ಹತ್ತನೇ ವರ್ಷದ 2,148ರ ಗುರಿಯೂ 2021ರಲ್ಲಿ ಪೂರೈಸಿತು. ಕಂದಕಗಳ ನೋಡುಕೊಳವೆಗಳಲ್ಲಿ ಒತ್ತಡ ಅಳೆಯುವ ಸಾಧನ ಇಳಿಬಿಟ್ಟು ನೀರಿನ ಮಟ್ಟ ದಾಖಲಿಸಿದಾಗ, ಹಲವು ಕಡೆ ವಿನ್ಯಾಸಕ್ಕಿಂತ ಬೇಗ ಖಾಲಿಯಾಗುತ್ತಿರುವುದು ಕಂಡಿತು. ಕಾರಣ ಸರಳ. ಲೆಕ್ಕದಲ್ಲಿ ತಳದಿಂದ ಮಾತ್ರ ಇಂಗುತ್ತದೆ ಎಂದು ಹಿಡಿದಿರುತ್ತೇವೆ, ನೀರು ಪಕ್ಕಗಳಿಂದಲೂ ಹೋಗುತ್ತದೆ. ಮಳೆ ಒಂದೇ ಏಟಿಗೆ ಬೀಳದೆ ಗಂಟೆಗಟ್ಟಲೆ ಸುರಿಯುವಾಗ ಒಂದು ಕಡೆ ತುಂಬುತ್ತ ಇನ್ನೊಂದು ಕಡೆ ಖಾಲಿಯಾಗುತ್ತಿರುತ್ತದೆ, ಹಾಗಾಗಿ ಒಂದು ಇಂಚಿಗೆ ಕಟ್ಟಿದ್ದು ಅದಕ್ಕಿಂತ ಹೆಚ್ಚು ಹಿಡಿಯುತ್ತದೆ.

2021ರ ಸೆಪ್ಟೆಂಬರ್ 1ರಂದು ಐಡಾ ಚಂಡಮಾರುತದ ಉಳಿಕೆ ಮಳೆ ಪೆನ್ಸಿಲ್ವೇನಿಯಾದ ಮೇಲೆ ಸುರಿಯಿತು. ಮರುದಿನ ಸ್ಕೂಲ್‌ಕಿಲ್ ನದಿ ಊರಿನಲ್ಲಿ 16 ಅಡಿ ದಾಟಿ ಏರಿತು. ತಗ್ಗಿನಲ್ಲಿ ಹಾದುಹೋಗುವ ವೈನ್ ಸ್ಟ್ರೀಟ್ ಹೆದ್ದಾರಿ ಕಾಲುವೆಯಾಯಿತು. ಹತ್ತು ವರ್ಷ ಕಂದಕ ತೋಡಿದ್ದು ದಂಡವಾಯಿತೇ ಎಂದು ಜನ ಕೇಳಿದ್ದು ಸಹಜ. ಆದರೆ ಆ ನೀರಿನ ಬಹುಪಾಲು ಊರಿನ ಬೀದಿಯದ್ದಲ್ಲ, ನದಿಯ ಮೇಲ್ಪಾತ್ರದಿಂದ ಬಂದದ್ದು. ಊರಿನ ಪ್ರತಿ ಫುಟ್‌ಪಾತಿನಡಿ ಕಂದಕ ಇದ್ದಿದ್ದರೂ ಅದು ನಿಲ್ಲುತ್ತಿರಲಿಲ್ಲ. ಜರ್ಮನ್‌ಟೌನ್‌ನಲ್ಲಿ ಹೂತುಹೋದ ವಿಂಗೊಹಾಕಿಂಗ್ ತೊರೆಯ ಜಾಡಿನಲ್ಲಿ ಬಿರುಮಳೆಗೆ ರಸ್ತೆ ತುಂಬಿ ಹರಿಯುವುದೂ ಒಂದು ಇಂಚಿನ ವ್ಯವಸ್ಥೆಯಿಂದ ಪರಿಹಾರವಾಗುವಂಥದ್ದಲ್ಲ. ಅಲ್ಲಿಗೆ ದೊಡ್ಡ ಕೊಳವೆ, ದೊಡ್ಡ ತೊಟ್ಟಿಯೇ ಬೇಕು. ಹಸಿರು ವ್ಯವಸ್ಥೆಯ ಪರ ಇರುವವರು ಇದನ್ನು ಜನರಿಗೆ ಮೊದಲೇ ಹೇಳಿಬಿಡಬೇಕು. ನೆರೆ ತಡೆಯುತ್ತೇವೆ ಎಂದು ಹೇಳಿ ಒಪ್ಪಿಗೆ ಪಡೆದರೆ ಮೊದಲ ದೊಡ್ಡ ಮಳೆಗೆ ನಂಬಿಕೆ ಹೋಗುತ್ತದೆ.

ಬೆಂಗಳೂರಿನವರಿಗೆ ಈ ಲೆಕ್ಕ ಅಷ್ಟೇನೂ ಹೊಸದಲ್ಲ. 2009ರಲ್ಲಿ ಜಲಮಂಡಳಿ ಕಡ್ಡಾಯ ಮಾಡಿದ ಮಳೆಕೊಯ್ಲಿನ ನಿಯಮ ಛಾವಣಿಯ ಪ್ರತಿ ಚದರ ಮೀಟರಿಗೆ 20 ಲೀಟರ್, ನೆಲಹಾಸಿಗೆ 10 ಲೀಟರ್ ಎಂದಿತ್ತು. 20 ಲೀಟರ್ ಎಂದರೆ 20 ಮಿಲಿಮೀಟರ್ ಮಳೆ, ಫಿಲಡೆಲ್ಫಿಯಾದ್ದು 25.4. ಅಂತರ ಹೆಚ್ಚೇನಿಲ್ಲ. ವ್ಯತ್ಯಾಸ ಬೇರೆ ಕಡೆ ಇದೆ. ನಮ್ಮಲ್ಲಿ ಕೊಳಚೆಗೂ ಮಳೆನೀರಿಗೂ ಬೇರೆ ಬೇರೆ ದಾರಿ ಎಂದು ಕಾಗದದಲ್ಲಿದೆ, ವಾಸ್ತವದಲ್ಲಿ ರಾಜಕಾಲುವೆಯಲ್ಲಿ ಬೇಸಿಗೆಯಲ್ಲೂ ಕೊಳಚೆ ಹರಿಯುತ್ತದೆ. ಆದ್ದರಿಂದ ರಸ್ತೆಯಂಚಿನ ನೀರನ್ನು ಇಂಗುಬಾವಿಗೆ ಬಿಡುವ ಮುನ್ನ ಆ ಚರಂಡಿಗೆ ಯಾರ ಮನೆಯ ಕೊಳವೆ ಸೇರಿದೆ ಎಂದು ಮಳೆಯಿಲ್ಲದ ದಿನ ನಡೆದು ನೋಡಬೇಕು. ಒಣ ದಿನವೂ ಚರಂಡಿಯಲ್ಲಿ ಹರಿವಿದ್ದರೆ ಅಲ್ಲಿ ಬಾವಿ ತೋಡಬಾರದು. ಸಂಜೆಯ ಗುಡುಗುಮಳೆ ಅರ್ಧ ಗಂಟೆಯಲ್ಲಿ ಸುರಿದು ಮುಗಿಯುವ ಊರಿನಲ್ಲಿ, ತುಂಬುತ್ತಲೇ ಖಾಲಿಯಾಗುವ ಅನುಕೂಲವೂ ಸಿಗುವುದಿಲ್ಲ. ಒಳಹರಿವಿನ ಬಾಯಿ ದೊಡ್ಡದಿರಬೇಕು, ಹಿಡಿದಿಡುವ ಜಾಗ ಇಂಗುವ ವೇಗವನ್ನು ನೆಚ್ಚಿಕೊಳ್ಳದೆ ಪೂರ್ತಿ ಲೆಕ್ಕಕ್ಕೆ ಬರಬೇಕು.

ಫಿಲಡೆಲ್ಫಿಯಾದ ಮುಂದಿರುವ ಏರು ಕಡಿದಾಗಿದೆ. ಹದಿನೈದನೇ ವರ್ಷಕ್ಕೆ 3,812, ಇಪ್ಪತ್ತಕ್ಕೆ 6,424, ಇಪ್ಪತ್ತೈದಕ್ಕೆ 9,564. ಕೊನೆಯ ಹತ್ತು ವರ್ಷಗಳಲ್ಲಿ ಮಾಡಬೇಕಾದದ್ದು 5,752 ಎಕರೆ, ಮೊದಲ ಹದಿನೈದು ವರ್ಷಗಳ ಒಂದೂವರೆ ಪಟ್ಟು. ಸುಲಭದ ಜಾಗಗಳು ಮೊದಲೇ ಮುಗಿದಿರುತ್ತವೆ. ಖಾಸಗಿ ಕಟ್ಟಡಗಳು ಎಷ್ಟು ಏಳುತ್ತವೆ ಎಂಬುದು ಬಡ್ಡಿದರದ ಮೇಲೆ ನಿಂತಿದೆ, ಇಲಾಖೆಯ ಕೈಯಲ್ಲಿಲ್ಲ. ಉಳಿಯುವುದು ಇಕ್ಕಟ್ಟಿನ ಬೀದಿಗಳು, ಶಾಲೆಯ ಅಂಗಳಗಳು, ಗ್ಯಾಸ್ ಕೊಳವೆಗಳ ನಡುವಿನ ನಾಲ್ಕಡಿ ಅಗಲದ ಪಟ್ಟಿಗಳು. ಅಲ್ಲಿ ಪ್ರತಿ ಎಕರೆಯ ಖರ್ಚು ಹಿಂದಿನದಕ್ಕಿಂತ ಹೆಚ್ಚು, ಆ ಹೊತ್ತಿಗೆ ಮೊದಲು ತೋಡಿದ ಕಂದಕಗಳ ಹೂಳು ತೆಗೆಯುವ ಖರ್ಚೂ ಅದೇ ಬಿಲ್ಲಿನ ಮೇಲೆ ಬರುತ್ತದೆ.